ಮಂಡಿಗೆ ಜಾಗವಿದೆ, ತೊಡೆಗೆ ಆಸರೆಯಿದೆಯೇ? ವ್ಯಾಗನ್ ಆರ್‌ನಿಂದ ಇನ್ನೋವಾವರೆಗೆ ಹಿಂದಿನ ಸೀಟುಗಳು

ಶೋರೂಮಿನಲ್ಲಿ ನಿಂತ ಕಾರಿನ ಹಿಂದಿನ ಸೀಟು ವಿಶಾಲವಾಗಿ ಕಂಡರೆ ಮೊದಲು ಮುಂದಿನ ಸೀಟು ಎಲ್ಲಿದೆ ನೋಡಿ. ಬಹಳ ಸಲ ಅದನ್ನು ಡ್ಯಾಶ್‌ಬೋರ್ಡ್ ಕಡೆಗೆ ತಳ್ಳಿ, ಎತ್ತರವನ್ನೂ ಏರಿಸಿಟ್ಟಿರುತ್ತಾರೆ. ಆಗ ಮಂಡಿ ಮುಂದೆಯೂ ಜಾಗ, ಪಾದ ತೂರಿಸಲೂ ಜಾಗ. ಡ್ರೈವರ್ ಸೀಟಿನಲ್ಲಿ ನೀವೇ ಕೂತು, ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ತುಸು ಬಾಗಿರುವಂತೆ ಸೀಟು ಹೊಂದಿಸಿ, ಎತ್ತರ ತಗ್ಗಿಸಿ. ಆಮೇಲೆ ಅದರ ಹಿಂದೆಯೇ ಹೋಗಿ ಕೂರಿ. ಸೀಟು ತಗ್ಗಿಸಿದ ಕೂಡಲೇ ಪಾದ ಒಳಗೆ ತೂರದಂತಾದರೆ, ಮೊದಲು ಕಂಡ ಲೆಗ್‌ರೂಮ್ ಬರೀ ತೋರಿಕೆಯದು.

ಬ್ರೋಷರ್‌ನಲ್ಲಿ ಸಾಮಾನ್ಯವಾಗಿ ಸಿಗದ ಇನ್ನೊಂದು ಅಳತೆ ಇದಕ್ಕಿಂತ ಮುಖ್ಯ. ಕಾರಿನ ಒಳನೆಲದಿಂದ ಸೀಟಿನ ಅಂಚಿಗೆ ಎಷ್ಟು ಎತ್ತರ? ಊಟದ ಮೇಜಿನ ಕುರ್ಚಿ ಸುಮಾರು 45 ಸೆಂ.ಮೀ. ಇರುತ್ತದೆ. ಕಾರಿನ ಸೀಟು ಅದಕ್ಕಿಂತ ತಗ್ಗು. ಅತಿಯಾಗಿ ತಗ್ಗಿದರೆ ಮಂಡಿ ಮೇಲೇಳುತ್ತದೆ, ತೊಡೆ ಸೀಟು ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ, ಮೈಭಾರವೆಲ್ಲ ಕುಂಡಿಯ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಪರೀಕ್ಷೆ ಸುಲಭ: ಬೆನ್ನು ಪೂರ್ತಿ ಒರಗಿಸಿ, ಪಾದ ಚಪ್ಪಟೆಯಾಗಿ ನೆಲಕ್ಕಿಟ್ಟು, ತೊಡೆಗೂ ಸೀಟಿನ ಅಂಚಿಗೂ ನಡುವೆ ಅಂಗೈ ಮಲಗಿಸಿ ತೂರಿಸಿ. ಅಂಗೈ ಸಲೀಸಾಗಿ ಒಳಹೋಗಿ ಇನ್ನೂ ಜಾಗ ಉಳಿದರೆ ಬೆಂಗಳೂರಿನಿಂದ ಹಾಸನ ತಲುಪುವಷ್ಟರಲ್ಲಿ ಹಿಂದೆ ಕೂತವರು ಮಗ್ಗುಲು ಬದಲಿಸತೊಡಗುತ್ತಾರೆ. ಕಾರಿನ ಬೆಲೆಗೂ ಇದಕ್ಕೂ ಸಂಬಂಧವೇ ಇಲ್ಲ.

ಸಣ್ಣ ಕಾರುಗಳಲ್ಲಿ ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುವುದು ವ್ಯಾಗನ್ ಆರ್. ಉದ್ದ 3,655 ಮಿ.ಮೀ. ಮಾತ್ರ, ಎತ್ತರ 1,675. ಎತ್ತರದ ಸೀಟಿನಲ್ಲಿ ನೆಟ್ಟಗೆ ಕೂರುವುದರಿಂದ ಕಾಲು ಕೆಳಕ್ಕೆ ಇಳಿಯುತ್ತದೆ, ಮುಂದಕ್ಕೆ ಚಾಚುವುದಿಲ್ಲ. ಇರುವಷ್ಟೇ ಉದ್ದದಲ್ಲಿ ಮಂಡಿಗೆ ಜಾಗ ಸಿಗುತ್ತದೆ. ಮಂಡಿನೋವಿನ ಅಜ್ಜಿ ಸೀಟಿಗೆ ಬೆನ್ನು ಮಾಡಿ ನಿಂತು, ಹಾಗೇ ಕೂತು, ಕಾಲೆರಡನ್ನೂ ಒಳಗೆ ತಿರುಗಿಸಿಕೊಳ್ಳಬಹುದು. ಸೀಟು ಸೊಂಟಕ್ಕಿಂತ ಬಹಳ ಕೆಳಗೂ ಇಲ್ಲ, ಮೇಲೂ ಇಲ್ಲ. ಸೋಲುವುದು ಅಗಲದಲ್ಲಿ. ಹೊರಗಿನ ಅಗಲವೇ 1,620 ಮಿ.ಮೀ.; ಹಿಂದೆ ಮೂವರು ದೊಡ್ಡವರು ಕೂತರೆ ಒಬ್ಬರ ಭುಜ ಇನ್ನೊಬ್ಬರ ಮುಂದೆ ಬರಲೇಬೇಕು.

ಸ್ವಿಫ್ಟ್ 1,735 ಮಿ.ಮೀ. ಅಗಲವಿದ್ದರೂ ಹಿಂದೆ ಅಷ್ಟು ಹಾಯೆನಿಸುವುದಿಲ್ಲ. ಛಾವಣಿ ಇಳಿಜಾರು, ಕಿಟಕಿ ಸಣ್ಣದು. ಅದರದೇ ಸೆಡಾನ್ ರೂಪವಾದ ಡಿಸೈರ್‌ಗೆ ವೀಲ್‌ಬೇಸ್ (ಮುಂಚಕ್ರ, ಹಿಂಚಕ್ರಗಳ ನಡುವಿನ ದೂರ) ಕೂಡ ಅಷ್ಟೇ, 2,450 ಮಿ.ಮೀ. ಹೆಚ್ಚಿಗೆ ಸಿಗುವುದು ಮುಖ್ಯವಾಗಿ ಡಿಕ್ಕಿ: 265 ಲೀಟರ್ ಬದಲು 382. ವಾರಕ್ಕೊಮ್ಮೆ ಊರಿಗೆ ಹೋಗಿ ಅಕ್ಕಿ, ತೆಂಗಿನಕಾಯಿ ಹೇರಿಕೊಂಡು ಬರುವ ಮನೆಗೆ ಅದೇನು ಕಡಿಮೆ ಲಾಭವಲ್ಲ. ಸಿಎನ್‌ಜಿ ತೆಗೆದುಕೊಳ್ಳುವವರಿಗೆ ಮಾತ್ರ ಈ ಲೆಕ್ಕ ತಲೆಕೆಳಗು. ಡಿಕ್ಕಿಯಲ್ಲಿ ದೊಡ್ಡ ಸಿಲಿಂಡರ್ ಮಲಗಿದರೆ ಉಳಿಯುವುದು ಚೀಲ ತುರುಕುವ ಸಂದು. ಟಾಟಾದವರು ಎರಡು ಸಣ್ಣ ಸಿಲಿಂಡರ್‌ಗಳನ್ನು ಡಿಕ್ಕಿಯ ನೆಲದಡಿ ಇಟ್ಟು, ಸ್ಟೆಪ್ನಿಯನ್ನು ಕಾರಿನ ಹೊಟ್ಟೆಯಡಿಗೆ ಕಳಿಸಿರುವುದು ಈ ವಿಷಯದಲ್ಲಿ ಜಾಣತನ.

ಈಗ ಎಲ್ಲರ ಕಣ್ಣು ಎಸ್‌ಯುವಿ ಮೇಲೆ. ಸೆಡಾನ್ ಆದ ಹೋಂಡಾ ಸಿಟಿಯ ವೀಲ್‌ಬೇಸ್ 2,600 ಮಿ.ಮೀ., ಎಸ್‌ಯುವಿ ಆದ ಹ್ಯುಂಡೈ ಕ್ರೆಟಾದ್ದು 2,610. ಬರೀ ಒಂದು ಸೆಂ.ಮೀ. ವ್ಯತ್ಯಾಸ! ಕಾರಿನ ಉದ್ದದಲ್ಲಿ ಕ್ರೆಟಾವೇ ಸುಮಾರು 25 ಸೆಂ.ಮೀ. ಗಿಡ್ಡ. ಡಿಕ್ಕಿ ಸಿಟಿಗೆ 506 ಲೀಟರ್, ಕ್ರೆಟಾಕ್ಕೆ 433. ಆದರೂ ಕ್ರೆಟಾ ದೊಡ್ಡದೆನಿಸುವುದು 1,635 ಮಿ.ಮೀ. ಎತ್ತರದಿಂದ, ಸಿಟಿ 1,489. ಸಿಟಿಯಲ್ಲಿ ಬೆನ್ನು ಹಿಂದಕ್ಕೆ ಚೆಲ್ಲಿ, ಕಾಲು ಚಾಚಿ ಕೂರುತ್ತೀರಿ. ಉದ್ದದ ದಾರಿಗೆ, ಆರೋಗ್ಯವಂತ ಬೆನ್ನಿಗೆ, ನಮ್ಮ ಓಟು ಇದಕ್ಕೇ. ಇಳಿಯುವಾಗ ಮಾತ್ರ ಬಾಗಿಲ ಹಿಡಿ ಹಿಡಿದು ಮೈಯನ್ನೇ ಮೇಲಕ್ಕೆತ್ತಬೇಕು. ಅರವತ್ತು ದಾಟಿದವರಿಗೆ ಕ್ರೆಟಾದ ಎತ್ತರದ ಸೀಟು ವಾಸಿ. ಪ್ಯಾನೊರಮಿಕ್ ಸನ್‌ರೂಫ್ ಇರುವ ಯಾವ ಕಾರೇ ಆಗಲಿ, ಆರಡಿ ಆಳಿದ್ದರೆ ಅದೇ ವೇರಿಯಂಟ್‌ನಲ್ಲಿ ತಲೆ ತಾಗುತ್ತದೆಯೇ ನೋಡಿ. ಅದರ ಚೌಕಟ್ಟು ಛಾವಣಿಯಿಂದಲೇ ಜಾಗ ಕೀಳುತ್ತದೆ.

ವಿದ್ಯುತ್ ಕಾರುಗಳದ್ದು ಬೇರೆಯೇ ತಕರಾರು. ಬ್ಯಾಟರಿ ನೆಲದಡಿ ಕೂರುವುದರಿಂದ ನೆಲ ಮೇಲೆ ಬರುತ್ತದೆ. ಸೀಟನ್ನೂ ಅಷ್ಟೇ ಏರಿಸಿದರೆ ತಲೆ ತಾಗುತ್ತದೆ, ಏರಿಸದಿದ್ದರೆ ಮಂಡಿ ಎದೆಯತ್ತ ಬರುತ್ತದೆ. ಎಂಜಿ ವಿಂಡ್ಸರ್‌ನ 2,700 ಮಿ.ಮೀ. ವೀಲ್‌ಬೇಸ್, 135 ಡಿಗ್ರಿವರೆಗೆ ಒರಗುವ ಹಿಂದಿನ ಸೀಟು ಕಂಡು ಮರುಳಾಗುವ ಮೊದಲು ಅಲ್ಲೂ ಆ ಅಂಗೈ ಪರೀಕ್ಷೆ ಮಾಡಿ. ಬೆನ್ನು ಎಷ್ಟೇ ಒರಗಿದರೂ ತೊಡೆಯ ಆಸರೆ ಅದರಿಂದ ಹುಟ್ಟುವುದಿಲ್ಲ.

ಮೂರು ಸಾಲಿನ ಕಾರಿನಲ್ಲಿ ಏಳು ಜನ ಅನ್ನುವುದನ್ನು ಹಾಗೇ ನಂಬಬೇಡಿ. ರೆನೋ ಟ್ರೈಬರ್ ನಾಲ್ಕು ಮೀಟರ್ ಒಳಗೇ ಮೂರು ಸಾಲು ಕೂರಿಸಿದೆ, ಮೆಚ್ಚಬೇಕಾದ್ದೇ. ಏಳೂ ಜನ ಕೂತಾಗ ಡಿಕ್ಕಿ 84 ಲೀಟರ್, ಕೊನೆಯ ಸಾಲು ಕಳಚಿ ಮನೆಯಲ್ಲಿಟ್ಟರೆ 625. ಅದನ್ನು ಐದು ಜನರ, ದೊಡ್ಡ ಡಿಕ್ಕಿಯ ಕಾರೆಂದು ಕೊಳ್ಳುವುದು ಸರಿ. ಎರ್ಟಿಗಾದ 2,740 ಮಿ.ಮೀ. ವೀಲ್‌ಬೇಸ್‌ನಿಂದ ಮೂರನೇ ಸಾಲಿನಲ್ಲಿ ದೊಡ್ಡವರೂ ಒಂದೆರಡು ಗಂಟೆ ಕೂರಬಹುದು, ಅದೂ ಎರಡನೇ ಸಾಲಿನವರು ಸೀಟನ್ನು ಸ್ವಲ್ಪ ಮುಂದೆ ಸರಿಸಲು ಒಪ್ಪಿದರೆ. ಆಗ ಡಿಕ್ಕಿ 209 ಲೀಟರ್. ಏಳು ಜನರ ಮದುವೆ ಲಗೇಜಿಗೆ ಕ್ಯಾರಿಯರ್ ಬೇಕೇ ಬೇಕು. ಕೊನೆಯ ಸಾಲು ಹಿಂಚಕ್ರದ ಹತ್ತಿರ ಬರುವುದರಿಂದ ಪ್ರತಿ ಹಂಪೂ ಅಲ್ಲಿ ಜೋರಾಗಿ ಬಡಿಯುತ್ತದೆ. ಬೊಲೆರೊದಂಥ ಗಾಡಿಗಳ ಹಿಂದಿನ ಅಡ್ಡಸೀಟಂತೂ ಶಿರಾಡಿ, ಚಾರ್ಮಾಡಿ ತಿರುವುಗಳಲ್ಲಿ ವಾಂತಿಗೆ ಆಹ್ವಾನ. ಮೈ ಒಂದು ಕಡೆ ವಾಲುತ್ತದೆ, ಕಣ್ಣಿಗೆ ರಸ್ತೆ ಕಾಣುವುದಿಲ್ಲ.

ಬಿಡದಿಯಲ್ಲೇ ತಯಾರಾಗುವ ಇನ್ನೋವಾದ ಎರಡು ಅವತಾರಗಳಲ್ಲಿ ಹೈಕ್ರಾಸ್ ಒಳಗೆ ಹೆಚ್ಚು ಧಾರಾಳ. ಇನ್ನೊಂದಾದ ಕ್ರಿಸ್ಟಾಕ್ಕೆ ಲ್ಯಾಡರ್ ಚಾಸಿ (ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಮೈ), ಹಿಂಚಕ್ರಕ್ಕೆ ಎಳೆತ, 2,750 ಮಿ.ಮೀ. ವೀಲ್‌ಬೇಸ್; ಹೈಕ್ರಾಸ್ ಮೊನೊಕಾಕ್ (ಮೈ, ಚೌಕಟ್ಟು ಎರಡೂ ಒಂದೇ), ಮುಂಚಕ್ರದ ಎಳೆತ, 2,850. ಚಾಸಿಯ ಮೇಲೆ ಕೂತ ಕ್ರಿಸ್ಟಾದ ನೆಲ ಎತ್ತರ, ಸೀರೆಯುಟ್ಟವರು ನೆರಿಗೆ ಎತ್ತಿ ಹಿಡಿದೇ ಹತ್ತಬೇಕು. ಹೈಕ್ರಾಸ್‌ನ ಜೆಡ್‌ಎಕ್ಸ್ ವೇರಿಯಂಟ್‌ನಲ್ಲಿ ಎರಡನೇ ಸಾಲಿನ ಕ್ಯಾಪ್ಟನ್ ಸೀಟಿಗೆ (ಒಬ್ಬೊಬ್ಬರಿಗೆ ಬಿಡಿಯಾಗಿರುವ ಸೀಟು) ಮೀನಖಂಡಕ್ಕೆ ಆಸರೆ ಕೊಡುವ ಆಟೊಮನ್ ಇದೆ, ಬಟನ್ ಒತ್ತಿದರೆ ಮೇಲೇಳುತ್ತದೆ. ಒಳ್ಳೆಯದೇ, ಆದರೆ ಅಷ್ಟು ದುಡ್ಡು ಕೊಟ್ಟವರು ಮೂರನೇ ಸಾಲಿನವರನ್ನು ಮರೆತೇಬಿಡುತ್ತಾರೆ.

ಫೋಮ್ ಬಗ್ಗೆ ಒಂದು ಮಾತು. ಕೂತ ಕೂಡಲೇ ಸೋಫಾದಂತೆ ಹೂತುಹೋಗುವ ಸೀಟು ಐದು ನಿಮಿಷ ಸುಖ ಕೊಡುತ್ತದೆ, ಆಮೇಲೆ ತಳ ಸಿಕ್ಕಿ ಬೆನ್ನು ಬಾಗುತ್ತದೆ. ತುಸು ಗಟ್ಟಿ ಇರುವುದೇ ದೂರಕ್ಕೆ ಹಿತ. ಟೆಸ್ಟ್ ಡ್ರೈವ್‌ನಲ್ಲಿ ಕೊನೆಯ ಇಪ್ಪತ್ತು ನಿಮಿಷ ಹಿಂದೆಯೇ ಕೂರಿ. ರಾಯಚೂರು, ಕಲಬುರಗಿಯ ಬೇಸಿಗೆಗೆ ಕಪ್ಪು ಲೆದರೆಟ್‌ಗಿಂತ (ಕೃತಕ ಚರ್ಮ) ಬಟ್ಟೆ ಸೀಟು ಮೇಲು. ಡೆಲಿವರಿ ದಿನವೇ ದಪ್ಪ ಸೀಟ್ ಕವರ್ ಹೊದಿಸುವವರು ಬೆನ್ನೊರಗಿನ ಹೊರಬದಿಯಲ್ಲಿ ಏರ್‌ಬ್ಯಾಗ್ ಎಂದು ಬರೆದ ಚೀಟಿ ಇದೆಯೇ ನೋಡಬೇಕು. ಆ ಏರ್‌ಬ್ಯಾಗ್ ಸೀಟಿನ ಹೊಲಿಗೆ ಹರಿದು ಹೊರಬರಬೇಕಾದದ್ದು. ಮೇಲೆ ಸಾದಾ ಕವರ್ ಬಿಗಿದಿದ್ದರೆ ದಾರಿ ಕಟ್ಟುತ್ತದೆ. ವೆಂಟಿಲೇಟೆಡ್ ಸೀಟಿಗೂ ಕವರ್ ಹಾಕಬೇಡಿ. ಗಾಳಿಯಾಡುವ ತೂತುಗಳೆಲ್ಲ ಮುಚ್ಚಿಹೋಗಿ ಫ್ಯಾನಿನ ಸದ್ದು ಮಾತ್ರ ಉಳಿಯುತ್ತದೆ.