ಮಳೆಗೆ ನಿಂತ ಸ್ಕೂಟರ್, ಸಾಗರ ರಸ್ತೆ ಕಡೆಯ ಹೆಸರಿಲ್ಲದ ಗ್ಯಾರೇಜು

ಶಿವಮೊಗ್ಗದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಇಟ್ಟುಕೊಂಡವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಬ್ಯಾಟರಿ ಹೋಯ್ತು, ಹೊಸದು ಹಾಕಿಸಿ ಅಂತ ಯಾರಾದರೂ ಹೇಳಿದ್ದರೆ ಪೂರ್ತಿ ಓದಿ.

ನನ್ನದು 48 ವೋಲ್ಟಿನ ಸಣ್ಣ ಸ್ಕೂಟರ್. ಗಂಟೆಗೆ 25 ಕಿಲೋಮೀಟರ್ ಮೇಲೆ ಹೋಗಲ್ಲ. 2022ರ ದೀಪಾವಳಿಗೆ ತಗೊಂಡಿದ್ದು. ಮನೆ ಗಾಜನೂರು ದಾರಿಯಲ್ಲಿ, ಕೆಲಸ ಊರಿನಲ್ಲಿ ಅಡಿಕೆ ಮಂಡಿಯೊಂದರ ಲೆಕ್ಕ ಬರೆಯುವುದು. ಹೋಗಿ ಬಂದು 18 ಕಿಲೋಮೀಟರ್. ಎರಡು ದಿನಕ್ಕೊಮ್ಮೆ ಚಾರ್ಜು. ಒಂದು ಫುಲ್ ಚಾರ್ಜಿಗೆ ಒಂದೂವರೆ ಯೂನಿಟ್ ಒಳಗೇ ಮುಗಿಯುತ್ತದೆ. ಬಸ್ಸಿಗೆ ಕಾಯುವುದು ತಪ್ಪಿ, ಸಂಜೆ ಕತ್ತಲಾಗುವ ಮೊದಲೇ ಮನೆ ಸೇರುತ್ತಿದ್ದೆ. ಅದು ನನಗೆ ದೊಡ್ಡ ವಿಷಯ.

2024ರ ಜುಲೈ ಮಳೆ ನೆನಪಿದೆ ಅಲ್ವಾ? ಆಗ ಶುರುವಾಯಿತು ತೊಂದರೆ. ಮೀಟರಿನಲ್ಲಿ ಮೂರು ಕಡ್ಡಿ ತೋರಿಸುತ್ತಾ ಇರುತ್ತದೆ, ಮನೆ ಹತ್ತಿರದ ಏರಿಗೆ ಬಂದ ಕೂಡಲೇ ಗಾಡಿ ಜರ್ಕ್ ಹೊಡೆದು ಆಫ್. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಮತ್ತೆ ಮೂರು ಕಡ್ಡಿ! ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುವುದು. ಸುರಿಯುವ ಮಳೆಯಲ್ಲಿ ರೈನ್‌ಕೋಟ್ ಹಾಕಿಕೊಂಡು ಎಷ್ಟು ಸಲ ತಳ್ಳಿದ್ದೇನೋ.

ಗಾಡಿ ತಗೊಂಡ ಕಡೆಯ ಸರ್ವಿಸ್ ಸೆಂಟರಿಗೆ ಕೊಟ್ಟೆ. ಹೆಸರು ಬರೆಯಲ್ಲ. ಹತ್ತೊಂಬತ್ತು ದಿನ ಇಟ್ಟುಕೊಂಡರು. ಆಮೇಲೆ ಬ್ಯಾಟರಿ ಒಳಗೆ ನೀರು ಹೋಗಿದೆ, ವಾರಂಟಿ ಬರಲ್ಲ, ಹೊಸ ಬ್ಯಾಟರಿಗೆ 31 ಸಾವಿರ ಅಂದರು. ಬಾಕ್ಸ್ ಬಿಚ್ಚಿ ನೋಡಿದಿರಾ ಅಂತ ಕೇಳಿದೆ. ಬಿಚ್ಚುವ ಹಾಗಿಲ್ಲ ಅಂದರು. ಬಿಚ್ಚದೆ ಒಳಗೆ ನೀರು ಹೋಗಿದ್ದು ಹೇಗೆ ಗೊತ್ತಾಯಿತು ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಆ ದಿನ ನನಗೆ ನಿಜವಾಗಿ ಅಳು ಬಂದಿತ್ತು. 31 ಸಾವಿರ ಅಂದರೆ ಗಾಡಿಯ ಅರ್ಧ ಬೆಲೆ.

ಮಂಡಿಗೆ ಬರುವ ಲಗೇಜ್ ಆಟೋದವರೊಬ್ಬರು ಈ ಗ್ಯಾರೇಜಿನ ದಾರಿ ಹೇಳಿದರು. ಸಾಗರ ರಸ್ತೆಯಲ್ಲಿ ಆಟೋ ಕಾಂಪ್ಲೆಕ್ಸ್ ಕಡೆ ಹೋಗಿ, ಒಳರಸ್ತೆಯಲ್ಲಿ ಎರಡು ಟಿಂಕರಿಂಗ್ ಶೆಡ್ ದಾಟಿದರೆ ಸಿಗುತ್ತದೆ. ಬೋರ್ಡ್ ಇಲ್ಲ. ಶಟರ್ ಮೇಲೆ ಹಸಿರು ಪೇಂಟಿನಲ್ಲಿ 'ಇ-ಬೈಕ್ ರಿಪೇರಿ' ಅಂತ ಇದೆ, ಅಷ್ಟೇ. ನಡೆಸುವವನು ಇಪ್ಪತ್ತೆಂಟು ಮೂವತ್ತರ ಹುಡುಗ. ಬಾಗಿಲ ಹತ್ತಿರ ಎರಡು ಬಕೆಟ್ ಮರಳು ಇಟ್ಟಿದ್ದಾನೆ. ಬೆಂಕಿ ಹತ್ತಿಕೊಂಡ ಬ್ಯಾಟರಿಯನ್ನು ಅವನು ಕಣ್ಣಾರೆ ನೋಡಿದ್ದಾನಂತೆ. ಅದಕ್ಕೇ ಬ್ಯಾಟರಿ ಬಿಚ್ಚುವ ಮೇಜು ಹೊರಗಡೆ, ಶೀಟಿನ ಕೆಳಗೆ.

ಅವನು ಕೆಲಸ ಮಾಡಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದ. ಸರಿಯಾಗೇ ತೋರಿಸಿತು. "ಸುಮ್ನೆ ಕೂತಾಗ ಎಲ್ಲಾ ಚೆನ್ನಾಗೇ ಇರುತ್ತೆ ಅಕ್ಕ, ಭಾರ ಹಾಕಿ ನೋಡಬೇಕು" ಅಂದ. ಭಾರ ಅಂದರೆ ಬ್ಯಾಟರಿಯಿಂದ ಕರೆಂಟ್ ಎಳೆಯುವುದು. ಅದಕ್ಕೆ ಒಂದು ಹಲಗೆ ತಂದ. ಅದರ ಮೇಲೆ ಕಾರಿನ ಹೆಡ್‌ಲೈಟ್ ಬಲ್ಬುಗಳನ್ನು ನಾಲ್ಕು ನಾಲ್ಕು ಒಂದು ಸಾಲಿಗೆ ಬರುವ ಹಾಗೆ ಕಟ್ಟಿದ್ದ. ಬ್ಯಾಟರಿ ಮುಚ್ಚಳ ಬಿಚ್ಚಿ, ಬಲ್ಬ್ ಹಚ್ಚಿ, ಒಳಗಿನ ಸಣ್ಣ ಸೆಲ್ಲುಗಳ ಒಂದೊಂದು ಗುಂಪಿಗೂ ಮೀಟರ್ ಹಿಡಿದು ತೋರಿಸಿದ. ಒಟ್ಟು 13 ಗುಂಪು, ಒಂದೊಂದರಲ್ಲಿ ಒಂಬತ್ತು ಸೆಲ್, ಒಟ್ಟು 117. ಹನ್ನೆರಡು ಗುಂಪು 3.6 ವೋಲ್ಟಿನ ಹತ್ತಿರ ಗಟ್ಟಿಯಾಗಿ ನಿಂತಿದ್ದವು. ಏಳನೆಯದು ನನ್ನ ಕಣ್ಣೆದುರೇ 3.4, 3.2, 3.0 ಅಂತ ಇಳಿಯುತ್ತಾ ಬಂತು. ಆಮೇಲೆ ಬಲ್ಬುಗಳೆಲ್ಲಾ ಒಟ್ಟಿಗೆ ಆರಿದವು. ಏರಿನಲ್ಲಿ ನನ್ನ ಗಾಡಿ ನಿಂತಂತೆಯೇ!

ಆರಿಸಿದ್ದು ಒಳಗಿರುವ ಬಿಎಂಎಸ್ ಅನ್ನುವ ಬೋರ್ಡು. ಒಂದು ಗುಂಪು ತೀರಾ ಇಳಿದರೂ ಸಾಕು, ಅದು ಇಡೀ ಬ್ಯಾಟರಿಯನ್ನು ಬಂದ್ ಮಾಡುತ್ತದೆ. ನೊಗಕ್ಕೆ ಕಟ್ಟಿದ ಒಂದು ಎತ್ತು ಕೂತುಬಿಟ್ಟರೆ ಇನ್ನೊಂದಕ್ಕೆ ಎಷ್ಟು ಶಕ್ತಿ ಇದ್ದರೇನು, ನೇಗಿಲು ಮುಂದೆ ಹೋಗಲ್ಲವಲ್ಲ, ಹಾಗೆ. ಸ್ವಲ್ಪ ಹೊತ್ತು ಬಿಟ್ಟರೆ ಆ ಗುಂಪಿನ ವೋಲ್ಟೇಜ್ ಮತ್ತೆ ಏರುತ್ತದೆ. ಹತ್ತು ನಿಮಿಷಕ್ಕೆ ಮೂರು ಕಡ್ಡಿ ವಾಪಸ್ ಬರುತ್ತಿದ್ದುದು ಅದಕ್ಕೇ.

ಏಳನೇ ಗುಂಪಿನಲ್ಲಿ ಎರಡು ಸೆಲ್ಲಿನ ಮೇಲಿನ ನಿಕ್ಕಲ್ ಪಟ್ಟಿ ತುಕ್ಕು ಹಿಡಿದು ಬಿಟ್ಟುಕೊಂಡಿತ್ತು. ಒಂಬತ್ತು ಸೆಲ್ಲಿನ ಕೆಲಸವನ್ನು ಏಳೇ ಮಾಡುತ್ತಿದ್ದವು. ವೈರು ಬಾಕ್ಸಿನ ಒಳಗೆ ಹೋಗುವ ಕಡೆ ಇರುವ ರಬ್ಬರ್ ಬುಷ್ ಸೀಳಿತ್ತು, ಮಳೆನೀರು ವೈರನ್ನೇ ಹಿಡಿದು ಇಳಿದಿತ್ತು. ಅಂದರೆ ನೀರು ಹೋಗಿದ್ದು ನಿಜ. ಆದರೆ ಹಾಳಾಗಿದ್ದು 117ರಲ್ಲಿ ಎರಡು.

ಸರಿ ಮಾಡುವುದಕ್ಕೆ ನಾಲ್ಕು ದಿನ ತಗೊಂಡ. ಹಳೆ ಗುಂಪಿಗೆ ಹೊಚ್ಚಹೊಸ ಸೆಲ್ ಸೇರಿಸಬಾರದಂತೆ. ಅದಕ್ಕೆ ಹೆಚ್ಚುಕಡಿಮೆ ಅಷ್ಟೇ ಬಳಸಿದ ಎರಡು ಸೆಲ್ ಹುಡುಕಿ, ಎಷ್ಟು ಹಿಡಿಯುತ್ತವೆ ಅಂತ ಅಳೆದು, ಉಳಿದ ಏಳರ ವೋಲ್ಟೇಜಿಗೇ ತಂದು, ಸ್ಪಾಟ್ ವೆಲ್ಡಿಂಗ್ ಮಾಡಿದ. ಮನೆಯಲ್ಲಿ ಸೋಲ್ಡರಿಂಗ್ ಕಡ್ಡಿ ಇದೆ ಅಂತ ಯಾರೂ ಇದಕ್ಕೆ ಕೈ ಹಾಕಬೇಡಿ. ಬಿಸಿಗೆ ಸೆಲ್ ಹಾಳಾಗುತ್ತದೆ, ಶಾರ್ಟ್ ಆದರೆ ಬೆಂಕಿ. ಆಮೇಲೆ ಏಳನೇ ಗುಂಪನ್ನು ಒಂದನ್ನೇ ಚಾರ್ಜ್ ಮಾಡಿ ಉಳಿದವುಗಳ ಸಮಕ್ಕೆ ತಂದ. ಕೊನೆಗೆ ಫುಲ್ ಚಾರ್ಜಿನಲ್ಲಿ 54.6 ವೋಲ್ಟ್ ತೋರಿಸಿ ಕೊಟ್ಟ.

ನಾನು ಹೇಳದ ಕೆಲಸವನ್ನೂ ಮಾಡಿದ್ದ. ಹಿಂದಿನ ಚಕ್ರದ ಮೋಟಾರಿನಿಂದ ಬರುವ ಸಣ್ಣ ಸೆನ್ಸರ್ ವೈರುಗಳ ಸಾಕೆಟ್ಟಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಬ್ರಷ್ ಹಾಕಿ ತೆಗೆದು ಗ್ರೀಸ್ ತುಂಬಿದ್ದ. ಬುಷ್ ಬದಲಿಸಿ, ವೈರನ್ನು ನೇರವಾಗಿ ಬಾಕ್ಸಿಗೆ ಬಿಡದೆ ಮೊದಲು ಕೆಳಗೆ ಇಳಿಸಿ ಮತ್ತೆ ಮೇಲೆ ತಂದಿದ್ದ. ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಬೀಳಲಿ ಅಂತ. ನಮ್ಮ ಕಡೆಯ ಮಳೆ ಗೊತ್ತಿರುವವನಿಗೆ ಮಾತ್ರ ಹೊಳೆಯುವ ಉಪಾಯ ಇದು. ಬಿಲ್ಲು ಎಲ್ಲಾ ಸೇರಿ 2,650 ರೂಪಾಯಿ.

ಇನ್ನೊಂದು ಕಾರಣಕ್ಕೂ ಅವನ ಮೇಲೆ ನನಗೆ ನಂಬಿಕೆ ಬಂತು. ಗಾಡಿ ತರಲು ಹೋದ ದಿನ ಕಾಲೇಜು ಹುಡುಗನೊಬ್ಬ ಬಂದಿದ್ದ. ಸ್ಪೀಡ್ ಲಾಕ್ ತೆಗೆದುಕೊಡಿ, ಬಿಎಂಎಸ್ ಕೂಡ ಬೈಪಾಸ್ ಮಾಡಿ, ಆಗಾಗ ಕಟ್ ಆಗುತ್ತೆ ಅಂತ ಕೇಳುತ್ತಿದ್ದ. ಇವನು ಎರಡೂ ಮಾಡಲ್ಲ ಅಂದ. 250 ವ್ಯಾಟ್, 25 ಕಿಲೋಮೀಟರ್ ಮಿತಿಯ ಒಳಗಿದ್ದರೆ ಮಾತ್ರ ಲೈಸೆನ್ಸ್, ರಿಜಿಸ್ಟ್ರೇಶನ್ ಬೇಡ, ಮೀರಿದರೆ ಅದು ಬೇರೆ ಗಾಡಿಗಳ ಲೆಕ್ಕಕ್ಕೇ ಬರುತ್ತೆ ಅಂತ ತಿಳಿಸಿ ಹೇಳಿದ. ಬಿಎಂಎಸ್ ವಿಷಯಕ್ಕೆ "ನಿಮ್ಮ ಅಮ್ಮನೂ ಇದೇ ಗಾಡಿ ಓಡಿಸ್ತಾರಲ್ವಾ?" ಅಂತ ಒಂದೇ ಮಾತು ಕೇಳಿದ. ಹುಡುಗ ಸುಮ್ಮನಾದ.

ಕೊರತೆಗಳೂ ಇವೆ. ಫೋನ್ ಎತ್ತುವುದೇ ಇಲ್ಲ, ಹೋಗಿಯೇ ಕೇಳಬೇಕು. ಮಳೆಗಾಲದಲ್ಲಿ ಗಾಡಿಗಳು ರಸ್ತೆವರೆಗೂ ನಿಂತಿರುತ್ತವೆ, ನಿಮ್ಮ ಸರದಿ ಬರಲು ವಾರ ಆಗಬಹುದು. ಕೇಳಿದರೆ ಮಾತ್ರ ಬಿಲ್ಲು ಬರೆದುಕೊಡುತ್ತಾನೆ, ಕೇಳಿ ಪಡೆಯಿರಿ. ಗ್ಯಾರಂಟಿ ಮೂರೇ ತಿಂಗಳು. ವಾರಂಟಿ ಇನ್ನೂ ಇದ್ದರೆ ಮೊದಲು ಕಂಪನಿಯವರ ಹತ್ತಿರವೇ ಹೋಗಿ, ಹೊರಗೆ ಬಿಚ್ಚಿಸಿದರೆ ಅದು ಹೋದಂತೆಯೇ. ಇದನ್ನು ಅವನೇ ನನಗೆ ಮೊದಲು ಹೇಳಿದ್ದು, ನನ್ನ ವಾರಂಟಿ ಕಾರ್ಡ್ ಓದಿದ ಮೇಲೆಯೇ ಸ್ಕ್ರೂ ಡ್ರೈವರ್ ಹಿಡಿದಿದ್ದು.

ಅವನು ಹೇಳಿದ ಕೆಲವನ್ನು ನಾನು ಬಿಡದೆ ಪಾಲಿಸುತ್ತಿದ್ದೇನೆ. ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕಲ್ಲ, ಅರ್ಧ ಗಂಟೆ ಆರಲು ಬಿಡುತ್ತೇನೆ. ಕೊಟ್ಟಿಗೆ ಪಕ್ಕದ ಹಳೇ ಎರಡು ಪಿನ್ ಬೋರ್ಡ್ ತೆಗೆಸಿ, ಸರಿಯಾದ ಅರ್ಥಿಂಗ್ ಇರುವ ಮೂರು ಪಿನ್ ಸಾಕೆಟ್ ಅನ್ನು ಜಗಲಿಗೆ ಹಾಕಿಸಿದೆ. ವಾಟರ್ ಸರ್ವಿಸ್ ಅಂತೂ ಇಲ್ಲವೇ ಇಲ್ಲ. ಪಿಚಕಾರಿ ನೀರಿನ ರಭಸ ಎಂಥ ರಬ್ಬರನ್ನೂ ದಾಟುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಊರಿಗೆ ಹೋಗಿ ಹತ್ತು ಹದಿನೈದು ದಿನ ಗಾಡಿ ನಿಲ್ಲಿಸುವುದಿದ್ದರೆ ಅರ್ಧ ಚಾರ್ಜಿನಲ್ಲಿ ನಿಲ್ಲಿಸುತ್ತೇನೆ, ಫುಲ್ಲೂ ಅಲ್ಲ, ಖಾಲಿಯೂ ಅಲ್ಲ.

ರಿಪೇರಿ ಆಗಿ ಒಂದು ಮಳೆಗಾಲ ಪೂರ್ತಿ ಕಳೆದಿದೆ. ಹೊಸದರಲ್ಲಿ ಒಂದು ಚಾರ್ಜಿಗೆ 50 ಕಿಲೋಮೀಟರ್ ಬರುತ್ತಿತ್ತು, ಈಗ 43, 44 ಬರುತ್ತದೆ. ಏರಿನಲ್ಲಿ ಒಮ್ಮೆಯೂ ನಿಂತಿಲ್ಲ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಬುಷ್ ಮತ್ತು ಸಾಕೆಟ್ ತೋರಿಸಿಕೊಂಡು ಬಂದೆ. ಗ್ರೀಸ್ ಹಚ್ಚಿ 150 ರೂಪಾಯಿ ತಗೊಂಡ. ಏಳನೇ ಗುಂಪಿಗೆ ಮತ್ತೆ ಮೀಟರ್ ಹಿಡಿದು ನೋಡಿ, ಉಳಿದ ಹನ್ನೆರಡರ ಜೊತೆಗೇ ಇದೆ ಅಕ್ಕ, ಧೈರ್ಯವಾಗಿ ಓಡಿಸಿ ಅಂದ.