ದಿನಪತ್ರಿಕೆಯ ಪದಬಂಧ: ಹೊಸಬರಿಗೆ ಎಷ್ಟು ಸಲೀಸು?

ಪದಬಂಧ ಬಿಡಿಸಲು ಕಲಿಯುವವರಿಗೆ ಕನ್ನಡ ದಿನಪತ್ರಿಕೆಗಳ ಸಣ್ಣ ಪದಬಂಧವನ್ನೇ ಶಿಫಾರಸು ಮಾಡುತ್ತೇವೆ. ಪೇಪರಿನ ಜೊತೆಗೇ ಬರುತ್ತದೆ; ಪೆನ್ಸಿಲ್ಲು, ರಬ್ಬರು ಇದ್ದರೆ ಸಾಕು.

ಇದರ ಸೊಗಸೆಲ್ಲ ಅಕ್ಷರದ ಲೆಕ್ಕದಲ್ಲಿದೆ. ಕಾಗುಣಿತ, ಒತ್ತು, ಸೊನ್ನೆ ಸಮೇತ ಇಡೀ ಅಕ್ಷರ ಒಂದೇ ಮನೆಯಲ್ಲಿ ಕೂರುತ್ತದೆ. ‘ಚಂದ್ರ’ಕ್ಕೆ ಎರಡು ಮನೆ, ‘ಸರಸ್ವತಿ’ಗೆ ನಾಲ್ಕು, ‘ಸ್ತ್ರೀ’ಗೆ ಒಂದೇ. ಹಾಗಾಗಿ ಒಂದು ಮನೆ ತುಂಬಿದರೂ ಸಿಗುವ ಸುಳಿವು ದೊಡ್ಡದು: ಎರಡಕ್ಷರದ ಪದದ ಕೊನೆಗೆ ‘ದ್ರ’ ಬಂದರೆ ಚಂದ್ರ, ಭದ್ರ, ಛಿದ್ರದಂಥ ಕೆಲವೇ ಪದ ಉಳಿಯುತ್ತವೆ. ಅದೇ ಕಾರಣಕ್ಕೆ ಒಂದು ದೀರ್ಘ ತಪ್ಪಿದರೂ ಅದನ್ನು ದಾಟುವ ಪದ ಕೂರುವುದಿಲ್ಲ. ಲ-ಳ, ಶ-ಷ ಅಂದಾಜಿನಲ್ಲಿ ಬರೆಯುವವರು ಎಡವುವುದು ಇಲ್ಲೇ.

ಮೊದಲು ಗಾದೆಯ ಸುಳಿವು ಹಿಡಿಯಿರಿ. ‘ಹನಿ ಹನಿ ಕೂಡಿದರೆ...’ ಎಂದಿದ್ದರೆ ‘ಹಳ್ಳ’ ಬಿಟ್ಟು ಬೇರೆ ಬರಲಾರದು. ಸಮಾನಾರ್ಥಕ ಪದ ಕೇಳಿದಾಗ ಮಾತ್ರ ಅವಸರ ಬೇಡ. ‘ಕಾಡು (3)’ ಎಂದರೆ ಅಡವಿ, ಅರಣ್ಯ, ಕಾನನ, ವಿಪಿನ ನಾಲ್ಕೂ ಸರಿ. ದಾಟುವ ಪದದಿಂದ ಒಂದಕ್ಷರ ಬರುವವರೆಗೆ ಕಾಯಿರಿ.

ತಾವರೆ, ಮೋಡ, ಕಡಲು ಪದಬಂಧಕಾರರಿಗೆ ಬಲು ಪ್ರಿಯ. ಜಲ, ನೀರ, ವಾರಿ, ಅಂಬು ಎಲ್ಲಕ್ಕೂ ನೀರೆಂದೇ ಅರ್ಥ. ಇವಕ್ಕೆ ‘ಜ’ ಸೇರಿದರೆ ತಾವರೆ (ಜಲಜ, ನೀರಜ, ವಾರಿಜ, ಅಂಬುಜ), ‘ದ’ ಸೇರಿದರೆ ಮೋಡ, ‘ಧಿ’ ಸೇರಿದರೆ ಕಡಲು. ‘ತಾವರೆ (3)’ ಕಂಡ ಕೂಡಲೇ ಮೂರನೆಯ ಮನೆಯಲ್ಲಿ ‘ಜ’ ಅನ್ನು ತೆಳುವಾಗಿ ಬರೆದಿಡಿ. ಕಮಲ, ನಳಿನ ಬಂದರೆ ಅಳಿಸಿದರಾಯಿತು. ‘ಎತ್ತಲಿಂದ ಓದಿದರೂ ಕಣ್ಣು’ ಎಂದಿದ್ದರೆ ‘ನಯನ’. ಕನಕ, ಸರಸ, ನಮನ ಇದೇ ಜಾತಿಯವು.

ಸುಳಿವಿನ ವ್ಯಾಕರಣವನ್ನೂ ನೋಡಿ. ಬಹುವಚನ ಕೇಳಿದರೆ ಕೊನೆಗೆ ‘ಗಳು’ ಅಥವಾ ‘ರು’ ಇರುವ ಸಂಭವ ಹೆಚ್ಚು. ‘ಬಳೆ ಮಾರುವವನು’ ಎಂದರೆ ‘ಗಾರ’ ಮೊದಲೇ ತುಂಬಬಹುದು.

ದೊಡ್ಡ ಕೊರತೆಯೊಂದಿದೆ. ಎಷ್ಟೋ ಚೌಕಗಳಲ್ಲಿ ಒಂದೇ ದಿಕ್ಕಿನ ಪದಕ್ಕೆ ಸೇರಿದ ಮನೆಗಳು ಜಾಸ್ತಿ. ‘ಕಡಲು (3)’ಕ್ಕೆ ಕೊನೆಯ ‘ಧಿ’ ಒಂದೇ ಸಿಕ್ಕರೆ ಜಲಧಿಯೋ ಶರಧಿಯೋ ವಾರಿಧಿಯೋ ತೀರ್ಮಾನಿಸಲು ದಾರಿಯೇ ಇರುವುದಿಲ್ಲ. ಇದು ಬಿಡಿಸುವವರ ತಪ್ಪಲ್ಲ, ಹೆಣೆದವರದ್ದು. ಮನೆ ಕಿರಿದಾದರೆ ‘ಷ್ಟ್ರ’ದಂಥ ಒತ್ತಕ್ಷರ ಹಿಡಿಸುವುದೂ ಕಷ್ಟ. ಎರಡು-ಮೂರು ಪತ್ರಿಕೆಗಳ ಚೌಕ ಹೋಲಿಸಿ, ಮೂರಕ್ಷರದ ಪದಕ್ಕೆ ಕನಿಷ್ಠ ಎರಡು ಕಡೆ ಬೇರೆ ಪದ ದಾಟುವಂಥದ್ದನ್ನೇ ಆರಿಸಿಕೊಳ್ಳಿ.