ಕಚೇರಿಗೆಲ್ಲ ಒಂದೇ ಬ್ರೌಸರ್ ಎಂದು ಸುತ್ತೋಲೆ ಹೊರಡಿಸುವ ಮುನ್ನ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಆದದ್ದು ಇದು. ಇನ್ನು ಮೇಲೆ ಕ್ರೋಮ್ ಒಂದೇ, ಬೇರೆ ಬ್ರೌಸರ್‌ಗೆ ಸಪೋರ್ಟ್ ಇಲ್ಲ ಎಂದು ಆಡಳಿತ ವಿಭಾಗ ಸುತ್ತೋಲೆ ಹೊರಡಿಸಿತು. ಗೇಟಿನ ಹಾಜರಿ ಯಂತ್ರದ ಪುಟ ಆಕ್ಟಿವ್‌ಎಕ್ಸ್ (ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುವ ಮೈಕ್ರೋಸಾಫ್ಟ್‌ನ ಹಳೇ ತಂತ್ರಜ್ಞಾನ) ಇಲ್ಲದೆ ನಡೆಯದು, ಕ್ರೋಮ್‌ಗೆ ಆಕ್ಟಿವ್‌ಎಕ್ಸ್ ಗೊತ್ತೇ ಇಲ್ಲ. ಆದರೂ ಲಾಗಿನ್ ಆಗುತ್ತದೆ, ಮೇಲಿನ ಮೆನುವೂ ಕಾಣುತ್ತದೆ. ಹಾಜರಿ ಪಟ್ಟಿ ಬರಬೇಕಾದ ಜಾಗ ಮಾತ್ರ ಬೆಳ್ಳಗೆ. ಲಾಗಿನ್ ಆದದ್ದನ್ನಷ್ಟೇ ನೋಡಿ ಓಕೆ ಅಂದುಬಿಟ್ಟಿದ್ದರು.

ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಹಿಂತಿರುಗುವ ದಾರಿಯೂ ಇಲ್ಲ. 2022ರ ಜೂನ್ 15ಕ್ಕೆ ಅದರ ಸಪೋರ್ಟ್ ನಿಂತಿತು. 2023ರ ಫೆಬ್ರವರಿ 14ರಂದು ಬಂದ, ಮೈಕ್ರೋಸಾಫ್ಟ್‌ನ ಹೊಸ ಬ್ರೌಸರ್ ಎಡ್ಜ್‌ನ ಅಪ್‌ಡೇಟ್ ವಿಂಡೋಸ್ 10ರಲ್ಲಿ ಅದನ್ನು ತೆರೆಯದಂತೆಯೇ ಮಾಡಿತು. ಉಳಿದದ್ದು ಎಡ್ಜ್‌ನೊಳಗಿನ ಐಇ ಮೋಡ್, ಅಂದರೆ ಹಳೇ ಪುಟಗಳನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಂತೆಯೇ ತೆರೆಯುವ ವ್ಯವಸ್ಥೆ.

ಎಡವಟ್ಟು ಆದದ್ದೂ ಅಲ್ಲೇ. ಸಂಬಳದ ದಿನ ಲೆಕ್ಕಪತ್ರದವರು ಎಡ್ಜ್ ಸೆಟ್ಟಿಂಗ್ಸ್‌ನ 'ಡಿಫಾಲ್ಟ್ ಬ್ರೌಸರ್' ಭಾಗದಲ್ಲಿ ಐಇ ಮೋಡ್ ಆನ್ ಮಾಡಿ ಹಾಜರಿ ಪುಟ ಸೇರಿಸಿದರು, ಪಟ್ಟಿ ಬಂತು. ಹೀಗೆ ಕೈಯಿಂದ ಸೇರಿಸಿದ ವಿಳಾಸದ ಅವಧಿ 30 ದಿನ. ಮುಗಿಯುವ ತಾರೀಖು ಪಕ್ಕದಲ್ಲೇ ಇರುತ್ತದೆ, ಓದುವವರು ಯಾರು? ಮುಂದಿನ ಸಂಬಳಕ್ಕೆ ಸರಿಯಾಗಿ ಪುಟ ಮತ್ತೆ ಬೆಳ್ಳಗೆ. ಯಂತ್ರವೇ ಕೆಟ್ಟಿದೆ ಅಂದುಕೊಂಡು ಸರ್ವಿಸ್‌ನವರನ್ನು ಕರೆಸಿ ದುಡ್ಡು ಕೊಟ್ಟದ್ದು ಬೇರೆ.

ಕಾಯಂ ಆಗಬೇಕೆಂದರೆ ವಿಂಡೋಸ್‌ನ ಗ್ರೂಪ್ ಪಾಲಿಸಿಯೇ (ಕಂಪ್ಯೂಟರ್‌ನ ಸೆಟ್ಟಿಂಗ್‌ಗಳನ್ನು ನಿರ್ವಾಹಕರು ಕಾಯಂ ಆಗಿ ಇಡುವ ವ್ಯವಸ್ಥೆ) ಸರಿ. ವಿಂಡೋಸ್ ಹೋಮ್‌ನಲ್ಲಿ ಅದರ ಎಡಿಟರ್ ಇರುವುದಿಲ್ಲ, ಪ್ರೊ ಬೇಕು. ಎಡ್ಜ್‌ನ ಪಾಲಿಸಿ ಟೆಂಪ್ಲೇಟನ್ನು ಮೈಕ್ರೋಸಾಫ್ಟ್‌ನಿಂದ ಇಳಿಸಿ ಸೇರಿಸಿಕೊಂಡು, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಇಂಟಿಗ್ರೇಷನ್ ಅನ್ನು ಐಇ ಮೋಡ್‌ಗೆ ಇಡಿ. ಬೇಕಾದ ವಿಳಾಸಗಳ ಪಟ್ಟಿಯನ್ನು ಎಕ್ಸ್‌ಎಂಎಲ್ ಎಂಬ ನಮೂನೆಯ ಫೈಲಾಗಿ ಮಾಡಿ, ಎಲ್ಲ ಕಂಪ್ಯೂಟರ್‌ಗೂ ಸಿಗುವ ಶೇರ್ಡ್ ಫೋಲ್ಡರ್‌ನಲ್ಲಿಟ್ಟು, ಅದರ ದಾರಿಯನ್ನು ಸೈಟ್ ಲಿಸ್ಟ್ ಪಾಲಿಸಿಗೆ ಕೊಡಿ. ಪಟ್ಟಿಯಲ್ಲಿ ವಿಳಾಸದ ಮುಂದೆ ಎಚ್‌ಟಿಟಿಪಿ ಬರೆಯಬಾರದು. ಪಟ್ಟಿ ತಿದ್ದಿದಾಗಲೆಲ್ಲ ಅದರ ವರ್ಷನ್ ಸಂಖ್ಯೆಯನ್ನೂ ಏರಿಸಿ. ಇಲ್ಲದಿದ್ದರೆ ಎಡ್ಜ್ ಹಳೆಯದನ್ನೇ ಹಿಡಿದು ಕೂರುತ್ತದೆ, ನೀವು ತಲೆ ಕೆರೆದುಕೊಳ್ಳುತ್ತೀರಿ.

ಗೋಡೌನ್‌ನ ಹಳೇ ವಿಂಡೋಸ್ 7 ಕಂಪ್ಯೂಟರ್‌ಗಳ ಕಥೆ ಬೇರೆ. ಅವುಗಳಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತಿದೆ, ಎಡ್ಜ್ ಕೂಡ 109ಕ್ಕೇ. ಫೈರ್‌ಫಾಕ್ಸ್‌ನ 115 ಇಎಸ್‌ಆರ್ (ಹೆಚ್ಚು ಕಾಲ ಸಪೋರ್ಟ್ ಸಿಗುವ ಆವೃತ್ತಿ) ಹಾಕಬಹುದು, ಆದರೆ ಬ್ಯಾಂಕ್ ಕೆಲಸ ಅದರಲ್ಲಿ ಬೇಡ. ಕಂಪ್ಯೂಟರ್ ಬದಲಿಸುವುದೇ ಅಗ್ಗ.

ಬ್ರೌಸರ್‌ನಿಂದ ಶುರು ಮಾಡಬೇಡಿ, ಕೆಲಸದಿಂದ ಶುರು ಮಾಡಿ: ಹಾಜರಿ, ಸಿಸಿಟಿವಿ ಡಿವಿಆರ್, ಜಿಎಸ್‌ಟಿ, ಪಿಎಫ್, ಬ್ಯಾಂಕ್. ಪ್ರತಿಯೊಂದರಲ್ಲೂ ಕೊನೆಯ ಹೆಜ್ಜೆಯವರೆಗೆ ಹೋಗಿ. ವರದಿ ಪ್ರಿಂಟ್ ಆಗಬೇಕು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಸಹಿ ಬೀಳಬೇಕು. ಐಇ ಮೋಡ್ ಕನಿಷ್ಠ 2029ರವರೆಗೆ ಇರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಹಾಜರಿ ಯಂತ್ರದ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ನವೀಕರಿಸುವಾಗ ಆಕ್ಟಿವ್‌ಎಕ್ಸ್ ಬೇಡದ ಪುಟವನ್ನು ಲಿಖಿತವಾಗಿ ಕೇಳಿ, ನಿಮ್ಮದೇ ಕಂಪ್ಯೂಟರ್‌ನಲ್ಲಿ ನಡೆಸಿ ತೋರಿಸಿದ ಮೇಲೆ ಚೆಕ್ ಕೊಡಿ.